ಹೊಡೆಯುವವನಲ್ಲ, ಬೀಳುವವನು ಹೇಳಬೇಕು

ನಾನು ನಾಟಕಕ್ಕೆ ಬಂದದ್ದು ಗರಡಿಮನೆಯಿಂದ. ಮೊದಮೊದಲು ಅದೇ ತೊಡಕಾಯಿತು. ದೊಣ್ಣೆವರಸೆ ಕಲಿಸುವಾಗ ನಮ್ಮ ಉಸ್ತಾದರು ಹೇಳುತ್ತಿದ್ದದ್ದು ಒಂದೇ ಮಾತು: ಏಟು ಎಲ್ಲಿಗೆ ಬೀಳುತ್ತೆ ಅಂತ ಎದುರಿನವನಿಗೆ ಸುಳಿವು ಸಿಗಬಾರದು. ರಂಗದ ಮೇಲೆ ಅದೆಲ್ಲ ತಲೆಕೆಳಗು. ಎಲ್ಲಿಗೆ, ಯಾವಾಗ ಅನ್ನುವುದು ಎದುರಿನವನಿಗೆ ಮೊದಲೇ ಗೊತ್ತಿರಬೇಕು, ಗದೆ ಎತ್ತಿದ್ದು ಕೊನೆಯ ಸಾಲಿನ ಅಜ್ಜಿಗೂ ಕಾಣಬೇಕು.

ಈಗ ಕರಪತ್ರದ ತಳದಲ್ಲಿ ‘ಸಾಹಸ’ ಅಂತ ನನ್ನ ಹೆಸರು ಬರುತ್ತದೆ. ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಫೋನು: “ಎರಡೇ ಫೈಟು ಸಾರ್, ಒಂದು ಸಂಜೆ ಬಂದು ಹೇಳಿಕೊಟ್ಟುಬಿಡಿ.” ಒಂದು ನಿಮಿಷದ ಹೊಡೆದಾಟಕ್ಕೆ ನನಗೆ ಏಳೆಂಟು ತಾಲೀಮಾದರೂ ಬೇಕು. ಹಾಡಿಗೆ ತಿಂಗಳು ಕೊಡುವವರು ಇದಕ್ಕೆ ಸಂಜೆ ಕೊಡುತ್ತಾರೆ!

ಕೆಲವು ವರ್ಷಗಳ ಹಿಂದೆ ಭೀಮ-ದುರ್ಯೋಧನರ ಗದಾಯುದ್ಧ ಮಾಡಿಸಿದೆ. ಗದೆ ಅಂದರೆ ಬಿದಿರಿನ ಕೋಲು, ತುದಿಗೆ ಬೆತ್ತದ ಬುರುಡೆ, ಮೇಲೆ ಕಾಗದ, ಬಟ್ಟೆ, ಬಂಗಾರದ ಬಣ್ಣ. ಎಲ್ಲ ಸೇರಿ ಒಂದು ಕೇಜಿಯೂ ಇಲ್ಲ. ಭಾರವನ್ನು ನಟನೇ ತರಬೇಕು. ಎತ್ತುವ ಮುಂಚೆ ಕಾಲು ಅಗಲಿಸಿ ಮಂಡಿ ಬಗ್ಗಿಸಬೇಕು, ಉಸಿರು ಕಟ್ಟಬೇಕು. ಬೀಸಿದ ಮೇಲೆ ಗದೆಯೇ ಅವನನ್ನು ಅರ್ಧ ಹೆಜ್ಜೆ ಎಳೆದುಕೊಂಡು ಹೋದ ಹಾಗೆ ಕಾಣಬೇಕು. ಇದನ್ನೆಲ್ಲ ಚೆನ್ನಾಗಿಯೇ ಕಲಿಸಿದೆ. ಎಡವಿದ್ದು ಕೊನೆಯ ತೊಡೆಯೇಟಿನಲ್ಲಿ. ಒಂದು, ಎರಡು, ಮೂರಕ್ಕೆ ಭೀಮ ಬೀಸುತ್ತಾನೆ, ನಾಲ್ಕಕ್ಕೆ ದುರ್ಯೋಧನ ಉರುಳುತ್ತಾನೆ ಅಂತ ಎಣಿಕೆ ಹಾಕಿಕೊಟ್ಟಿದ್ದೆ.

ಬೆಂಗಳೂರಿನಲ್ಲಿ ಮೂರು ಪ್ರಯೋಗ ಸುಸೂತ್ರ. ನಾಲ್ಕನೆಯದು ಒಂದು ತಾಲ್ಲೂಕು ಊರಲ್ಲಿ. ವ್ಯಾನು ತಡವಾಗಿ ತಲುಪಿತು. ಹಲಗೆಗಳ ಮೇಲೆ ಜಮಖಾನ ಹಾಸಿದ್ದ ವೇದಿಕೆ. ಒಂದ್ಸಲ ಹೊಡೆದಾಟ ಮಾಡಿ ನೋಡೋಣವೇ ಅಂತ ದುರ್ಯೋಧನ ಕೇಳಿದ. ಮೂರು ಸಲ ಮಾಡಿದೀರಲ್ಲ, ಆಗುತ್ತೆ ಬಿಡಿ ಅಂದೆ. ಆ ರಾತ್ರಿ ಅವನ ಹಿಮ್ಮಡಿ ಜಮಖಾನದ ಮಡಿಕೆಗೆ ಸಿಕ್ಕಿಕೊಂಡಿತು. ಭೀಮ ಮೂರು ಎಣಿಸಿದವನೇ ಬೀಸಿದ. ಬುರುಡೆ ಆಚೆ ಹೋಯಿತು, ಬಿದಿರು ನೇರ ಮಂಡಿಚಿಪ್ಪಿಗೆ. ಜನ ಶಿಳ್ಳೆ ಹೊಡೆದರು. ಸಾಯುವ ಮಾತುಗಳನ್ನೆಲ್ಲ ಆ ಹುಡುಗ ಮಲಗಿಯೇ ಮುಗಿಸಿದ, ಯಾರಿಗೂ ಗೊತ್ತಾಗಲಿಲ್ಲ. ಒಳಗೆ ಬಂದಾಗ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಭೀಮನ ಪಾತ್ರದವನು ಮೀಸೆ ಕೀಳದೆ ಮೂಲೆಯಲ್ಲಿ ಕೂತು ಅಳುತ್ತಿದ್ದ. ಅವನ ಎಣಿಕೆ ಸರಿಯಾಗಿಯೇ ಇತ್ತು. ಎಣಿಕೆಯನ್ನು ಹೊಡೆಯುವವನ ಕೈಗೆ ಕೊಟ್ಟಿದ್ದು ನಾನು.

ಆಮೇಲೆ ಕ್ರಮವನ್ನೇ ತಿರುವಿ ಹಾಕಿದೆ. ಭೀಮ ಗದೆ ಎತ್ತಿ ನಿಲ್ಲುತ್ತಾನೆ, ದುರ್ಯೋಧನನ ಕಣ್ಣು ನೋಡುತ್ತಾನೆ. ದುರ್ಯೋಧನ ಹಿಂಗಾಲಿಗೆ ಭಾರ ಹಾಕಿ, ಗಲ್ಲ ತುಸು ಇಳಿಸಿದ ಮೇಲೆಯೇ ಬೀಸು. ಜುಟ್ಟು ಹಿಡಿದೆಳೆಯುವುದೂ ಹೀಗೇ: ಎಳೆಯುವವನ ಮುಷ್ಟಿ ತಲೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಎಳೆಸಿಕೊಳ್ಳುವವನು ಎರಡೂ ಕೈಯಿಂದ ಆ ಮಣಿಕಟ್ಟನ್ನು ತಲೆಗೆ ಒತ್ತಿ ಹಿಡಿದು ತಾನೇ ಓಡಾಡುತ್ತಾನೆ. ನೋಡುವವರಿಗೆ ಅಯ್ಯೋ ಅನ್ನಿಸುತ್ತದೆ. ಒಂದು ಕೂದಲೂ ಕೀಳುವುದಿಲ್ಲ.

ಸದ್ದಿನದು ಇನ್ನೊಂದು ಪಾಠ. ಏಟಿನ ಸದ್ದು ಕೊಡುವವರು ಪಕ್ಕದಲ್ಲಿ ಕೂತ ಚಂಡೆಯವರು. ಅವರ ಕಣ್ಣು ಸಹಜವಾಗಿಯೇ ಗದೆಯ ಮೇಲೆ. ಗದೆ ಬಿಡಿ ಯಜಮಾನ್ರೇ, ಬೀಳುವವನ ಸೊಂಟ ನೋಡಿ ಅಂದೆ. ಮೊದಲು ಮುಖ ಗಂಟಿಕ್ಕಿದರು. ಆದರೆ ಸೊಂಟ ಕುಸಿದ ಗಳಿಗೆಗೆ ಪೆಟ್ಟು ಬಿದ್ದಾಗ, ಒಂದು ಗೇಣು ದೂರ ಹಾದ ಗದೆಯೂ ತೊಡೆ ಮುರಿದ ಹಾಗೆ ಕೇಳಿಸಿತು. ಸದ್ದು ಕೂದಲೆಳೆಯಷ್ಟು ತಡವಾದರೆ ಜನ ಮನ್ನಿಸುತ್ತಾರೆ, ಮೊದಲೇ ಬಂದರೆ ನಗುತ್ತಾರೆ.

ಆ ಗೇಣಿನ ಅಂತರವೂ ಎಲ್ಲ ಕಡೆ ನಡೆಯುವುದಿಲ್ಲ. ರವೀಂದ್ರ ಕಲಾಕ್ಷೇತ್ರದಲ್ಲಿ ಜನ ಎದುರಿಗಷ್ಟೇ ಇರುತ್ತಾರೆ, ಭೀಮನ ಬೆನ್ನೇ ಪರದೆ. ಅದೇ ನಾಟಕವನ್ನು ರಂಗಶಂಕರಕ್ಕೆ ಒಯ್ದೆವು. ಅಲ್ಲಿ ಮೂರು ಬದಿಗೂ ಕುರ್ಚಿ. ತಾಲೀಮಿನ ದಿನ ಪಕ್ಕದ ಸಾಲಿನಲ್ಲಿ ಕೂತು ನೋಡಿದೆ: ದ್ಯೂತಸಭೆಯ ಕೆನ್ನೆಯೇಟಿನಲ್ಲಿ ಕೈಗೂ ಕೆನ್ನೆಗೂ ನಡುವೆ ಕಿಟಕಿ ತೆರೆದಿಟ್ಟ ಹಾಗೆ ಬೆಳಕು! ಅದನ್ನು ತೆಗೆದು, ನಿಜವಾಗಿಯೂ ಮೈ ಮುಟ್ಟುವ ತಳ್ಳಾಟ ಹಾಕಿದೆವು.

ಪ್ರತಿ ಪ್ರಯೋಗಕ್ಕೂ ಮುಂಚೆ, ಅದೇ ವೇದಿಕೆಯಲ್ಲಿ, ಅದೇ ಉಡುಪಿನಲ್ಲಿ ಒಮ್ಮೆ ನಿಧಾನ, ಒಮ್ಮೆ ಪೂರ್ತಿ ವೇಗ. ಅಮೆರಿಕದಲ್ಲಿ ಈ ಕೆಲಸದವರಿಗೆ 1977ರಿಂದಲೇ ಒಂದು ಸಂಘವಿದೆ. ಪ್ರಯೋಗಕ್ಕೆ ಮುಂಚಿನ ಈ ತಾಲೀಮಿಗೆ ಅಲ್ಲಿ ಫೈಟ್ ಕಾಲ್ ಅನ್ನುತ್ತಾರೆ. ನಾನು ‘ಗದೆ ಪೂಜೆ’ ಅಂತ ಹೆಸರಿಟ್ಟೆ. ಪೂಜೆ ಅಂದಮೇಲೆ ತಪ್ಪಿಸಲು ನಮ್ಮವರಿಗೆ ಧೈರ್ಯ ಬರುವುದಿಲ್ಲ.

ಹೋದ ಸಲದ ಪ್ರಯೋಗದಲ್ಲಿ ಭೀಮ ಗದೆ ಎತ್ತಿದ, ದುರ್ಯೋಧನನ ಗಲ್ಲ ಇಳಿಯಲೇ ಇಲ್ಲ. ಕಿರೀಟ ಜಾರಿ ಹುಬ್ಬಿನ ಮೇಲೆ ಕೂತಿತ್ತು. ಸೈಡ್‌ವಿಂಗಿನಲ್ಲಿ ನನ್ನ ಕೈ ಬೆವರಿತು. ಭೀಮ ಎತ್ತಿದ ಗದೆಯನ್ನು ಹೆಗಲಿಗೆ ಇಳಿಸಿ, ಗಹಗಹಿಸಿ ನಕ್ಕು, ಅವನ ಸುತ್ತ ಒಂದು ಸುತ್ತು ಬಂದ. ಚಂಡೆಯವರು ಸಣ್ಣಗೆ ಉರುಳಿಕೆ ಹಿಡಿದರು. ಅಷ್ಟರಲ್ಲಿ ಕಿರೀಟ ಸರಿಯಾಯಿತು, ಗಲ್ಲ ಇಳಿಯಿತು, ಗದೆ ಬೀಸಿತು.

ನಾಟಕ ಮುಗಿದ ಮೇಲೆ ನಿರ್ದೇಶಕರು ಹುಡುಕಿಕೊಂಡು ಬಂದರು. “ಆ ಸುತ್ತು ಯಾವಾಗ ಸೇರಿಸಿದ್ರಿ? ಇರಲಿ, ತೆಗೀಬೇಡಿ.”