ಇಂಚಿನ ಲೆಕ್ಕ

ರಾತ್ರಿಯಿಡೀ ಮಡಿಕೇರಿಯಲ್ಲಿ ಬಿಟ್ಟೂ ಬಿಡದ ಮಳೆ. ಆದರೂ ಬೆಳಿಗ್ಗೆ ಗೇಟಿನ ಹತ್ತಿರ ‘ಶಕ್ತಿ’ ಪತ್ರಿಕೆ ಬಂದು ಬಿದ್ದಿತ್ತು, ಅಂಚು ಮಾತ್ರ ಒದ್ದೆ. ಹುಡುಗ ಎಷ್ಟು ಹೊತ್ತಿಗೆ ಎದ್ದಿದ್ದನೋ ಪಾಪ. ಅಪ್ಪ ಮೊದಲು ಹುಡುಕುವುದು ಮಳೆಯ ಲೆಕ್ಕ: ಭಾಗಮಂಡಲದಲ್ಲಿ ಎಷ್ಟು ಇಂಚು, ಹಾರಂಗಿ ಜಲಾಶಯ ತುಂಬಲು, ಅಂದರೆ 2859 ಅಡಿಗೆ, ಇನ್ನೆಷ್ಟು ಬಾಕಿ. ನಮ್ಮ ಕಡೆ ಇಂದಿಗೂ ಮಳೆಯೆಂದರೆ ಇಂಚೇ; ಮಿಲಿಮೀಟರಿನಲ್ಲಿ ಹೇಳಿದರೆ ಸುರಿದ ಹಾಗೇ ಅನಿಸುವುದಿಲ್ಲ. ಆಮೇಲೆ ಕರಿಮೆಣಸಿನ ದರ, ನಿಧನ ವಾರ್ತೆ.

ಬಿ.ಎಸ್. ಗೋಪಾಲಕೃಷ್ಣ ಅವರು ಈ ಪತ್ರಿಕೆ ಶುರುಮಾಡಿದ್ದು 1957ರಲ್ಲಿ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1956ರ ನವೆಂಬರ್ 1ರಂದು, 24 ಶಾಸಕರಿದ್ದ ಪುಟ್ಟ ಕೊಡಗು ರಾಜ್ಯ ಮೈಸೂರಿಗೆ ಸೇರಿ ಜಿಲ್ಲೆಯಾಗಿತ್ತು. ನಮ್ಮದೇ ವಿಧಾನಸಭೆ ಹೋದ ಮೇಲೆ ನಮ್ಮ ಮಾತು ಅಚ್ಚಾಗಲು ಒಂದು ಜಾಗ ಸಿಕ್ಕಿತು ಎಂದೇ ನನಗನಿಸುತ್ತದೆ. ಅದೂ ಒಂದೊಂದೇ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ!

2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ಮನೆಯಲ್ಲಿ ಕರೆಂಟಿಲ್ಲ, ಫೋನಿಲ್ಲ. ಆಗ ಅಪ್ಪ ಹಳೆಯ ಸಂಚಿಕೆಯನ್ನೇ ಮತ್ತೆ ಮತ್ತೆ ಓದುತ್ತಿದ್ದರು.

ಈಗ ಜಗಲಿಯಿಂದ ಪಕ್ಕದ ಮನೆಯವರಿಗೆ ಭಾಗಮಂಡಲದ ಇಂಚು ಕೂಗಿ ಹೇಳುತ್ತಿದ್ದಾರೆ.