ಕಾಳಿ ದಂಡೆಯಲ್ಲಿ ಮೂರನೆಯ ಕೊಳಲು

ಕಳೆದ ಭಾದ್ರಪದದ ಒಂದು ಸಂಜೆ, ಮಳೆ ಹೊಳವಾದ ಹೊತ್ತಿನಲ್ಲಿ, ಕಾರವಾರದ ಕೋಡಿಬಾಗದಲ್ಲಿ, ಕಾಳಿ ಹೊಳೆಯ ದಂಡೆಗಿರುವ ನಮ್ಮ ಮನೆಯ ಜಗಲಿಯಲ್ಲಿ ನಾನೂ ನನ್ನೊಂದಿಗೆ ಕೊಳಲು ಕಲಿತ ಗೆಳೆಯನೂ ಎದುರುಬದುರು ಕುಳಿತು ಎರಡು ಸಣ್ಣ ಕೊಳಲುಗಳನ್ನು ಶ್ರುತಿಗೂಡಿಸುತ್ತಿದ್ದೆವು. ಅವನು ತಾರಷಡ್ಜವನ್ನು, ಅಂದರೆ ಮೇಲಿನ ಸ್ಥಾಯಿಯ ‘ಸ’ವನ್ನು, ಹಿಡಿದಿದ್ದ. ನಾನು ಅದರ ಮೇಲಿನ ಶುದ್ಧ ಗಾಂಧಾರವನ್ನು, ಅಂದರೆ ‘ಗ’ವನ್ನು, ಅವನ ಷಡ್ಜಕ್ಕೆ ಒಪ್ಪಿಸಲು ತುಟಿಯ ಅಂಚನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಿದ್ದೆ. ನಮ್ಮಿಬ್ಬರ ನಡುವೆ ಕುಳಿತು ಮಗ್ಗಿ ಬರೆಯುತ್ತಿದ್ದ ತಂಗಿಯ ಮಗಳು ಪೆನ್ಸಿಲು ಕೆಳಗಿಟ್ಟು, ‘ಮಾಮ, ನನ್ನ ಕಿವಿಯೊಳಗೆ ಯಾರೋ ಗುಂಯ್ ಅಂತಿದ್ದಾರೆ’ ಎಂದಳು. ನಾವು ನಿಲ್ಲಿಸಿದೆವು, ಗುಂಯ್ ಎನ್ನುವುದೂ ನಿಂತಿತು. ಮತ್ತೆ ಊದಿದೆವು, ಮತ್ತೆ ಬಂದಿತು. ಈ ಸಲ ನಮಗೂ ಕೇಳಿಸಿತು. ಇಬ್ಬರೂ ನುಡಿಸದೇ ಇದ್ದ, ನಮ್ಮ ಕೈಯಲ್ಲಿದ್ದ ಕೊಳಲುಗಳು ನುಡಿಯಲಾರದಷ್ಟು ತಗ್ಗಿನ ಒಂದು ಸ್ವರ ಅದಾಗಿತ್ತು.

ಇದರಲ್ಲಿ ಪವಾಡವೇನೂ ಇಲ್ಲ. ಸೆಕೆಂಡಿಗೆ 880 ಕಂಪನಗಳ ಷಡ್ಜವೂ 1100 ಕಂಪನಗಳ ಗಾಂಧಾರವೂ ಒಟ್ಟಿಗೆ ಗಟ್ಟಿಯಾಗಿ ಕೇಳಿದಾಗ, ಅವೆರಡರ ವ್ಯತ್ಯಾಸವಾದ 220 ಕಂಪನಗಳ ಸ್ವರವನ್ನು ನಮ್ಮ ಒಳಕಿವಿಯೇ ಹುಟ್ಟಿಸುತ್ತದೆ. 18ನೆಯ ಶತಮಾನದ ಇಟಲಿಯ ಪಿಟೀಲು ವಾದಕ ಜುಸೆಪ್ಪೆ ಟಾರ್ಟೀನಿ ಇದನ್ನು ‘ಮೂರನೆಯ ನಾದ’ ಎಂದು ಕರೆದು, ಶಿಷ್ಯರು ಶ್ರುತಿಶುದ್ಧವಾಗಿ ನುಡಿಸುತ್ತಿದ್ದಾರೆಯೇ ಎಂದು ನೋಡಲು ಇದನ್ನೇ ಒರೆಗಲ್ಲಾಗಿ ಬಳಸುತ್ತಿದ್ದ. 220 ಎಂದರೆ ತಾರಷಡ್ಜದಿಂದ ಎರಡು ಸ್ಥಾಯಿ ಕೆಳಗಿರುವ ಮಂದ್ರಷಡ್ಜ. ಅಂದರೆ ಗಾಂಧಾರ ಸರಿಯಾಗಿ ಕೂಡಿದರೆ ಷಡ್ಜವು ತನ್ನ ಬುಡವನ್ನು ತಾನೇ ತಂದುಕೊಳ್ಳುತ್ತದೆ. ನಾನು ಗಾಂಧಾರವನ್ನು ಕೋಮಲಕ್ಕೆ ಇಳಿಸಿದಾಗ ಮೇಲಿನ ಸ್ವರ ಸರಿದದ್ದು ಅರ್ಧ ಸ್ವರಕ್ಕೂ ಕಡಿಮೆ. ಆದರೆ ಕೆಳಗಿನ ನಾದ 220ರಿಂದ 176ಕ್ಕೆ ಜಾರಿ, ಮಂದ್ರಷಡ್ಜಕ್ಕೂ ಕೆಳಗಿನ ಕೋಮಲ ಧೈವತದಲ್ಲಿ ಹೋಗಿ ಕುಳಿತಿತು. ಮೇಲಿನ ಒಂದು ತುಟಿಯ ಅಲುಗಾಟಕ್ಕೆ ಕೆಳಗೆ ನೆಲವೇ ಸರಿಯುತ್ತದೆ. ಆ ಸಂಜೆಯಿಂದ ನಾನು ಕೊಳಲನ್ನು ಒಂಟಿ ವಾದ್ಯವೆಂದು ಭಾವಿಸುವುದನ್ನು ಬಿಟ್ಟೆ. ಹಲವು ಫ್ಲೂಟುಗಳಿಗೆಂದೇ ನಮ್ಮ ಕಾಲದಲ್ಲಿ ಬರೆದ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ಹುಡುಕಿ ಹುಡುಕಿ ಕೇಳತೊಡಗಿದೆ.

ನಮ್ಮ ಭಾಗದಲ್ಲಿ ಒಂದೇ ಬಗೆಯ ವಾದ್ಯಗಳು ಗುಂಪುಗೂಡುವುದು ಹೊಸತಲ್ಲ. ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ಗುಮಟೆಗಳ ಜನಪದ ಮೇಳವಾದ ಗುಮಟೆ ಪಾಂಗಿನಲ್ಲಿ ಹಲವು ಗುಮಟೆಗಳು ಒಟ್ಟಿಗೆ ಏಳುವಾಗ ಅದರಲ್ಲಿ ಯಾರ ಪೆಟ್ಟು ಯಾವುದೆಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಕೊಳಲು ಮಾತ್ರ ನಮ್ಮಲ್ಲಿ ಒಬ್ಬನದೇ. ಕೃಷ್ಣನ ಕೈಯಲ್ಲೂ ಅದು ಒಂದೇ, ಕಛೇರಿಯಲ್ಲೂ ಒಂದೇ. ಹಿಂದೂಸ್ತಾನಿ ವಾದಕ ಪನ್ನಾಲಾಲ್ ಘೋಷ್ ಸುಮಾರು 32 ಇಂಚಿನ ದೊಡ್ಡ ಕೊಳಲನ್ನು ಬಳಕೆಗೆ ತಂದು ಬಾನ್ಸುರಿಗೆ ಖಯಾಲ್ ಗಾಯನದ ಗಾಂಭೀರ್ಯವನ್ನು ಕೊಟ್ಟದ್ದು ಒಂಟಿ ದನಿಗೆ ಮಂದ್ರದ ಆಳ ಬೇಕೆಂಬ ಹಂಬಲದಿಂದ. ನಾನು ಕಲಿತದ್ದೂ ಆ ದಾರಿಯಲ್ಲೇ: ಒಂದು ಉಸಿರು, ಸ್ವರದಿಂದ ಸ್ವರಕ್ಕೆ ಜಾರುವ ಒಂದು ಮೀಂಡು, ಅದು ಮುಗಿದಾಗ ಬೀಳುವ ಮೌನ. ಅಂಥ ಕಿವಿಗೆ ಫ್ಲೂಟುಗಳ ಮೇಳ ಮೊದಮೊದಲು ಬರಿಯ ಮಂಜಿನಂತೆ ಕೇಳಿಸಿತು, ಹಿಡಿಯಲು ಒಂದು ಎಳೆಯೂ ಸಿಗಲಿಲ್ಲ. ದಾರಿ ತೋರಿಸಿದ್ದು ತಂಬೂರಿ. ನಾಲ್ಕು ತಂತಿಗಳನ್ನು ಮೀಟುತ್ತಲೇ ಇದ್ದರೆ ಯಾವ ತಂತಿಯಲ್ಲೂ ಇಲ್ಲದ ಗಾಂಧಾರ ಅದರೊಳಗಿಂದ ಕೇಳಿಬರುತ್ತದೆಂದು ನಮಗೆ ಬಾಲ್ಯದಿಂದ ಗೊತ್ತು. ಫ್ಲೂಟುಗಳ ಮೇಳವನ್ನು ತಂಬೂರಿಯನ್ನು ಕೇಳುವ ಕಿವಿಯಿಂದ ಕೇಳಬೇಕು, ಗಾಯಕನನ್ನು ಕೇಳುವ ಕಿವಿಯಿಂದಲ್ಲ. ಇದನ್ನು ಅರಿಯಲು ನನಗೆ ಎರಡು ವರ್ಷ ಬೇಕಾಯಿತು.

ಒಂದೇ ಬಗೆಯ ಫ್ಲೂಟುಗಳಿಗೆ ಬರೆಯುವ ರೂಢಿ ಹಳೆಯದೇ. ಫ್ರಾನ್ಸಿನ ಬ್ವಾಮಾರ್ತಿಯೆ 1727ರಲ್ಲೇ ಐದು ಫ್ಲೂಟುಗಳಿಗೆ ಕಾಂಚೆರ್ಟೊ ಎಂಬ ಬಗೆಯ ಆರು ವಾದ್ಯಕೃತಿಗಳನ್ನು ಪ್ರಕಟಿಸಿದ್ದ. ಅವು ಸೊಗಸಾಗಿವೆ, ಆದರೆ ಅವುಗಳಲ್ಲಿ ಫ್ಲೂಟುಗಳು ಪರಸ್ಪರ ಮಾತಾಡುತ್ತವೆಯೇ ಹೊರತು ಒಂದರೊಳಗೊಂದು ಕರಗುವುದಿಲ್ಲ. ಕರಗಿಸುವ ಧೈರ್ಯ ಮಾಡಿದವನು ಅಮೆರಿಕದ ರಚನಕಾರ ಹೆನ್ರಿ ಬ್ರಾಂಟ್. ಅವನು 1931ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ‘ಏಂಜಲ್ಸ್ ಅಂಡ್ ಡೆವಿಲ್ಸ್’ ಎಂಬ ಕಾಂಚೆರ್ಟೊ ಬರೆದ. ಮುಂದೆ ನಿಂತು ನುಡಿಸುವ ಒಂದು ಫ್ಲೂಟು. ಅದರ ಹಿಂದೆ ವಾದ್ಯವೃಂದದ ಬದಲು ಪುಟ್ಟ ಫ್ಲೂಟುಗಳಾದ ಮೂರು ಪಿಕೊಲೊ, ಐದು ಫ್ಲೂಟು, ತಗ್ಗು ದನಿಯ ಎರಡು ಆಲ್ಟೊ ಫ್ಲೂಟು. ಪಿಟೀಲಿಲ್ಲ, ತಾಳವಾದ್ಯವಿಲ್ಲ, ಆಸರೆಗೆ ಬೇರೆ ಯಾವ ಬಣ್ಣವೂ ಇಲ್ಲ. ಫ್ಲೂಟಿನ ನಾದದಲ್ಲಿ ಮುಖ್ಯ ಸ್ವರದೊಂದಿಗೆ ತಾವಾಗಿ ಏಳುವ ಮೇಲಿನ ಅನುಸ್ವರಗಳು ತೀರ ಕಡಿಮೆ, ಅದು ಹೆಚ್ಚುಕಡಿಮೆ ಬೆತ್ತಲೆ ಸ್ವರ. ಆದ್ದರಿಂದ ಹತ್ತು ಜನ ಹತ್ತಿರ ಹತ್ತಿರದ ಸ್ವರಗಳನ್ನು ಹಿಡಿದಾಗ ಅವು ಒಂದನ್ನೊಂದು ಉಜ್ಜಿ ಕಂಪಿಸುತ್ತವೆ. 440 ಮತ್ತು 443 ಕಂಪನಗಳು ಕೂಡಿದರೆ ಸೆಕೆಂಡಿಗೆ ಮೂರು ಸಲ ನಾದ ಉಬ್ಬಿ ಇಳಿಯುತ್ತದೆ. ಅಪಶ್ರುತಿಯೆಂದು ನಾವು ಕೈಬಿಡುವ ಆ ಉಬ್ಬರವನ್ನೇ ಬ್ರಾಂಟ್ ಕೃತಿಯ ಜೀವಾಳ ಮಾಡಿಕೊಂಡ.

ಅಮೆರಿಕದ ಇನ್ನೊಬ್ಬ ರಚನಕಾರ ಸ್ಟೀವ್ ರೈಕ್‌ನ ‘ವರ್ಮಾಂಟ್ ಕೌಂಟರ್‌ಪಾಯಿಂಟ್’ ಬಂದದ್ದು 1982ರಲ್ಲಿ, ರಾನ್ಸಮ್ ವಿಲ್ಸನ್ ಎಂಬ ಫ್ಲೂಟು ವಾದಕನಿಗಾಗಿ. ಇಲ್ಲೂ ಒಟ್ಟು ಹನ್ನೊಂದು ದನಿಗಳು. ಆದರೆ ಹತ್ತು ಮೊದಲೇ ಧ್ವನಿಮುದ್ರಿತವಾದವು, ವೇದಿಕೆಯ ಮೇಲೆ ಇರುವವನು ಒಬ್ಬನೇ. ಒಂದು ಸಣ್ಣ ಪಲ್ಟವನ್ನು, ಅಂದರೆ ಕೆಲವೇ ಸ್ವರಗಳ ಒಂದು ಗುಚ್ಛವನ್ನು, ಸುತ್ತಿ ಸುತ್ತಿ ನುಡಿಸುತ್ತಾರೆ. ಎರಡನೆಯ ದನಿ ಅದೇ ಪಲ್ಟವನ್ನು ಕೆಲವು ಮಾತ್ರೆಗಳಷ್ಟು ತಡವಾಗಿ ಹಿಡಿಯುತ್ತದೆ, ಅದೂ ಒಮ್ಮೆಲೇ ಅಲ್ಲ: ಮೌನವಿದ್ದ ಜಾಗದಲ್ಲಿ ಒಂದೊಂದೇ ಸ್ವರವನ್ನು ಇಡುತ್ತ ಬರುತ್ತದೆ. ಹತ್ತು ನಿಮಿಷಗಳೊಳಗೆ ಮುಗಿಯುವ ಈ ಕೃತಿಯಲ್ಲಿ, ಯಾರೂ ನುಡಿಸದ ಹೊಸ ರಾಗಸಂಚಾರಗಳು ಎಳೆಗಳ ನಡುವಿನಿಂದ ಹೊಳೆದು ಮರೆಯಾಗುತ್ತವೆ. ಅಂದು ಜಗಲಿಯಲ್ಲಿ ಮೂರನೆಯ ನಾದ ಬಂದದ್ದು ಎರಡು ಸ್ವರಗಳ ನಡುವಿನಿಂದ; ಇಲ್ಲಿ ಅದು ಎರಡು ಹೊತ್ತುಗಳ ನಡುವಿನಿಂದ ಬರುತ್ತದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಉಸಿರಿನ ಪ್ರಶ್ನೆ. ಫ್ಲೂಟುಗಳ ದೊಡ್ಡ ಮೇಳದಲ್ಲಿ ಆಲ್ಟೊದ ಕೆಳಗೆ ಬಾಸ್ ಫ್ಲೂಟು, ಅದರ ಕೆಳಗೆ ಕಾಂಟ್ರಾಬಾಸ್ ಫ್ಲೂಟು ಇರುತ್ತವೆ. ಸಾಮಾನ್ಯ ಫ್ಲೂಟಿನ ತಳದ ಸ್ವರ ಸುಮಾರು 262 ಕಂಪನ, ಕಾಂಟ್ರಾಬಾಸಿನದು ಅದಕ್ಕಿಂತ ಎರಡು ಸ್ಥಾಯಿ ಕೆಳಗೆ, ಸುಮಾರು 65. ಕೊಳವೆ ಆಳೆತ್ತರವನ್ನೂ ಮೀರುವುದರಿಂದ ಅದನ್ನು ಮಡಚಿ ನಿಲ್ಲಿಸಿ ನುಡಿಸುತ್ತಾರೆ. ಅಂಥ ವಾದ್ಯದಲ್ಲಿ ಉಸಿರು ನೋಡನೋಡುತ್ತಲೇ ತೀರಿಹೋಗುತ್ತದೆ. ಆದ್ದರಿಂದ ಮೇಳದವರು ಸರದಿಯಲ್ಲಿ ಉಸಿರಾಡುತ್ತಾರೆ: ಒಬ್ಬನು ಮೆಲ್ಲನೆ ತಗ್ಗಿ ಸ್ವರದಿಂದ ಹೊರಬರುತ್ತಾನೆ, ಉಸಿರು ತುಂಬಿಕೊಂಡು ಅಷ್ಟೇ ಮೆಲ್ಲನೆ ಒಳಹೋಗುತ್ತಾನೆ, ಸ್ವರ ಮಾತ್ರ ಕಡಿಯುವುದೇ ಇಲ್ಲ. ಉಸಿರು ಮುಗಿದಲ್ಲಿ ನುಡಿ ಮುಗಿಯಬೇಕೆಂದು ಕಲಿತ ನನ್ನಂಥವನಿಗೆ ಇದು ಹೊಸ ಲೋಕ. ಇಟಲಿಯ ಸಿಸಿಲಿಯ ರಚನಕಾರ ಸಾಲ್ವಾತೋರೆ ಶಾರೀನೊ ಇದರ ಇನ್ನೊಂದು ತುದಿಗೆ ಹೋದ. ಅವನ 1997ರ ಕೃತಿಯ ಹೆಸರನ್ನು ಕನ್ನಡದಲ್ಲಿ ‘ನಾದಗಳ ತುಂಡರಿಸಿದ ವೃತ್ತ’ ಎನ್ನಬಹುದು. ಅದಕ್ಕೆ ನಾಲ್ಕು ಮುಖ್ಯ ವಾದಕರು ಬೇಕು, ಮತ್ತೆ ನಡೆಯುತ್ತ ನುಡಿಸುವ ನೂರು ಮಂದಿ. ಆ ನೂರು ಮಂದಿಯಲ್ಲಿ ಬಹುಪಾಲು ವಿದ್ಯಾರ್ಥಿಗಳೇ ಇರುವುದುಂಟು. ಅವರು ಕೇಳುಗರ ನಡುವೆ ಸಾಲಾಗಿ ಹಾದುಹೋಗುವಾಗ ಕಿವಿಗೆ ಬೀಳುವುದು ಸ್ವರಕ್ಕಿಂತ ಹೆಚ್ಚಾಗಿ ಗಾಳಿ, ಪಿಸುಗು, ಕೀಲಿಗಳ ಟಕಟಕ. ಸಂಗೀತವು ಕೇಳುಗನ ಭುಜಕ್ಕೆ ಭುಜ ತಾಗಿಸಿಕೊಂಡು ನಡೆದುಹೋಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಶಿರಸಿಯ ಹತ್ತಿರ ಗೆಳೆಯನ ತೋಟದ ಮನೆಯಲ್ಲಿ, ಕೊನೆಕೊಯ್ಲಿನ ಗಡಿಬಿಡಿ ಮುಗಿದ ಮೇಲೆ, ಏಳು ಜನ ಸೇರಿದೆವು. ಒಬ್ಬಳು ಮೆತ್ತಿಯ ಕಿಟಕಿಯಲ್ಲಿ, ಒಬ್ಬ ಕೊಟ್ಟಿಗೆಯ ಬಾಗಿಲಲ್ಲಿ, ಇಬ್ಬರು ಜಗಲಿಯ ಎರಡು ತುದಿಗಳಲ್ಲಿ, ಉಳಿದವರು ತೋಟಕ್ಕೆ ಇಳಿಯುವ ಮೆಟ್ಟಿಲುಗಳ ಮೇಲೆ. ಮಂದ್ರದ ದೊಡ್ಡ ಕೊಳಲುಗಳು ಸರದಿ ಉಸಿರಿನಲ್ಲಿ ಒಂದೇ ಷಡ್ಜವನ್ನು ಕಾಲು ಗಂಟೆ ಹಿಡಿದವು; ಮೇಲಿನವರು ಹಂಸಧ್ವನಿಯ ಐದು ಸ್ವರಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಬಿದಿರು ಬಿದಿರೇ, ಏಳರಲ್ಲಿ ಎರಡು ಒಂದೇ ಶ್ರುತಿಯವಿರಲಿಲ್ಲ. ಅದಲ್ಲದೆ, ಗಾಳಿಯ ಬಿಸಿ ಒಂದು ಡಿಗ್ರಿ ಏರಿದರೆ ಕೊಳವೆಯೊಳಗಿನ ಸ್ವರ ಸುಮಾರು ಮೂರು ಸೆಂಟಿನಷ್ಟು (ನೂರು ಸೆಂಟು ಸೇರಿದರೆ ಅರ್ಧ ಸ್ವರ) ಏರುತ್ತದೆ, ಬಿಸಿಲಿಗೆ ನಿಂತವನ ಕೊಳಲು ನೆರಳಿನಲ್ಲಿದ್ದವಳದಕ್ಕಿಂತ ಸಣ್ಣಗೆ ಮೇಲೆ ಸರಿಯುತ್ತ ಹೋಯಿತು. ಆ ಬಿರುಕಿನಿಂದಲೇ ಅಂಗಳದ ನಡುವೆ ನಾದ ಉಬ್ಬಿ ಇಳಿಯಿತು. ಅಡಕೆ ಸುಲಿಯಲು ಕುಳಿತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ ಮಾಡಿನತ್ತ ನೋಡಿದರು.

ಅದೇ ರಚನೆಯನ್ನು ಮುಂದೊಂದು ದಿನ ಪಟ್ಟಣದ ಸಭಾಂಗಣವೊಂದರಲ್ಲಿ ನುಡಿಸಿದೆವು. ವ್ಯವಸ್ಥೆ ಮಾಡಿದವರು ಪ್ರೀತಿಯಿಂದ ಏಳು ಮಂದಿಗೂ ಏಳು ಮೈಕುಗಳನ್ನು ಕೊಟ್ಟು, ಏಳನ್ನೂ ವೇದಿಕೆಯ ಪಕ್ಕದ ಎರಡು ಸ್ಪೀಕರುಗಳಿಗೆ ಜೋಡಿಸಿದರು. ಸಭೆಯ ಮೂಲೆಮೂಲೆಯಲ್ಲಿ ನಿಂತು ನುಡಿಸಿದ ಏಳು ಕೊಳಲುಗಳು ಅವೇ ಎರಡು ಪೆಟ್ಟಿಗೆಗಳಿಂದ ಹೊರಬಂದವು. ಅದು ನನಗೆ ಇಂದಿಗೂ ನೋವು ಕೊಡುವ ನೆನಪು. ಮೊದಲೇ ಕುಳಿತು ವಿವರಿಸಬೇಕಿತ್ತು. ಈ ಬಗೆಯ ಸಂಗೀತದಲ್ಲಿ ಯಾವ ಸ್ವರ ಎಂಬುದಕ್ಕೆ ಇರುವಷ್ಟೇ ತೂಕ ಯಾವ ದಿಕ್ಕಿನಿಂದ ಎಂಬುದಕ್ಕೂ ಇದೆ.

ಬ್ರಾಂಟ್ ಮುಂದೆ ದಿಕ್ಕನ್ನೇ ತನ್ನ ಸಂಗೀತದ ಮುಖ್ಯ ವಸ್ತುವಾಗಿಸಿಕೊಂಡ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಲ್ಲಿ, ದೋಣಿಗೆ 25 ಜನರಂತೆ ನಾಲ್ಕು ದೋಣಿಗಳಲ್ಲಿ ನೂರು ಫ್ಲೂಟು ವಾದಕರನ್ನು ಕೂರಿಸಿ ತೇಲಿಬಿಟ್ಟ. ಇದನ್ನು ಓದಿದ ದಿನವೇ ನನ್ನ ಕಣ್ಣು ಮನೆಯ ಹಿಂದಿನ ಕಾಳಿಯ ಮೇಲೆ ಬಿದ್ದಿತ್ತು. ನೂರು ಜನ ನಮಗೆಲ್ಲಿ ಸಿಗಬೇಕು? ದೋಣಿ ಎರಡು, ಕೊಳಲು ಎರಡು ಎಂದು ಗೊತ್ತುಮಾಡಿಕೊಂಡೆವು. ಹಗಲು ಕಡಲಗಾಳಿ ಕೊಳಲಿನ ಬಾಯಿಗೇ ಬೀಸಿ ನಾದವನ್ನು ಕಿತ್ತೊಯ್ಯುತ್ತದೆ. ಬೆಳಗಿನ ಜಾವ ಮಾತ್ರ ಘಟ್ಟದ ಕಡೆಯಿಂದ ತೆಳುಗಾಳಿ ಇಳಿದು ನೀರು ಕನ್ನಡಿಯಂತಿರುತ್ತದೆ. ಮಾಘದ ಒಂದು ನಸುಕಿನಲ್ಲಿ, ಪರಿಚಯದ ಮೀನುಗಾರರ ದೋಣಿಗಳಲ್ಲಿ ಸದಾಶಿವಗಡದ ಗುಡ್ಡವನ್ನು ಎದುರಿಗಿಟ್ಟುಕೊಂಡು ಹೊರಟೆವು.

ಲೆಕ್ಕ ಸರಳವಾಗಿತ್ತು. ನಿಮಿಷಕ್ಕೆ 120 ಮಾತ್ರೆಗಳ ಲಯದಲ್ಲಿ ಒಂದು ಮಾತ್ರೆಗೆ ಅರ್ಧ ಸೆಕೆಂಡು. ಅರ್ಧ ಸೆಕೆಂಡಿನಲ್ಲಿ ಶಬ್ದ ದಾಟುವ ದೂರ ಸುಮಾರು 170 ಮೀಟರು. ದೋಣಿಗಳ ನಡುವೆ ಅಷ್ಟು ನೀರನ್ನು ಬಿಟ್ಟರೆ ರೈಕ್ ಬರೆದು ತೋರಿಸಿದ ಅಂತರವನ್ನು ಹೊಳೆಯೇ ತುಂಬಿಕೊಡುತ್ತದೆ. ಫೋನಿನ ನಕಾಶೆಯಲ್ಲಿ ದೂರ ಅಳೆದು, ಟಾರ್ಚಿನ ಬೆಳಕಿನ ಸನ್ನೆಗೆ ಇಬ್ಬರೂ ಒಟ್ಟಿಗೆ ಒಂದೇ ಪಲ್ಟವನ್ನು ಎತ್ತಿಕೊಂಡೆವು. ಗೆಳೆಯ ಒಂದು ಮಾತ್ರೆ ತಡವಾಗಿ ನನ್ನ ಹಿಂದೆ ಬರುತ್ತಿದ್ದ. ಅವನಿಗಾಗಿ ನಿಧಾನಿಸಬೇಕೆಂದು ಬೆರಳು ಹಟ ಹಿಡಿಯುತ್ತಿತ್ತು. ದೋಣಿಯ ಹಲಗೆಯ ಮೇಲೆ ಹೆಬ್ಬೆರಳಿನಿಂದ ಲಯ ಒತ್ತಿಕೊಂಡು, ಕಿವಿಯ ಮಾತು ಕೇಳದೆ ನುಡಿಸಿದೆ. ದಡಕ್ಕೆ ಬಂದ ಮೇಲೆ ಅವನು ಮೊದಲು ಹೇಳಿದ್ದು, ನಾನು ಉದ್ದಕ್ಕೂ ಒಂದು ಮಾತ್ರೆ ಹಿಂದೆ ಉಳಿದಿದ್ದೆನೆಂದು.

ತಂಗಿಯ ಮಗಳು ತನ್ನ ತಂದೆಯೊಂದಿಗೆ ಮೂರನೆಯ ದೋಣಿಯಲ್ಲಿ, ನಮ್ಮಿಬ್ಬರ ಸರೀ ಮಧ್ಯದಲ್ಲಿ ಶಾಲು ಹೊದ್ದು ಕುಳಿತಿದ್ದಳು. ನಮ್ಮ ಚರ್ಚೆಯನ್ನು ಸ್ವಲ್ಪ ಹೊತ್ತು ಕೇಳಿ, ‘ಇಬ್ಬರೂ ಒಟ್ಟಿಗೇ ನುಡಿಸಿದಿರಲ್ಲ’ ಎಂದಳು.