ಥಿಯೊಡೊರಿಕನ ಬೀಗರು

ಇಟಲಿಯನ್ನಾಳಿದ ಗಾಥ್ (ಒಂದು ಜರ್ಮನಿಕ್ ಜನಾಂಗ) ದೊರೆ ಥಿಯೊಡೊರಿಕ್ ಸುತ್ತಲಿನ ರಾಜರನ್ನೆಲ್ಲ ನೆಂಟರಾಗಿಸಿಕೊಂಡ. ತಾನು ಫ್ರಾಂಕರ ಕ್ಲೋವಿಸನ ಸೋದರಿಯನ್ನು ಮದುವೆಯಾದ, ಮಗಳನ್ನು ವಿಸಿಗಾಥರ ಅಲಾರಿಕನಿಗೆ ಕೊಟ್ಟ. ಬರ್ಗಂಡಿಯ ದೊರೆ ಗುಂಡೊಬಾದನಿಗೆ ಉಡುಗೊರೆಯಾಗಿ ನೀರಿನ ಗಡಿಯಾರ, ಕ್ಲೋವಿಸನಿಗೆ ಒಬ್ಬ ವಾದ್ಯಗಾರ. ಎರಡರ ಹೊಣೆಯೂ ತತ್ವಜ್ಞಾನಿ ಬೊಯೆಥಿಯಸನದು! ಆದರೂ ಕ್ರಿ.ಶ. 507ರ ಯುದ್ಧದಲ್ಲಿ ಭಾವಮೈದುನ ಕ್ಲೋವಿಸನ ಕಡೆಯವರ ಕೈಯಲ್ಲಿ ಅಳಿಯ ಅಲಾರಿಕ್ ಸತ್ತ.

ನನ್ನನ್ನು ಬಿಡದೆ ಕಾಡುವವಳು ಥಿಯೊಡೊರಿಕನ ಸೋದರಿ ಅಮಲಫ್ರಿಡಾ. ಸುಮಾರು 500ರಲ್ಲಿ ಉತ್ತರ ಆಫ್ರಿಕಾವನ್ನಾಳುತ್ತಿದ್ದ ವ್ಯಾಂಡಲರ ದೊರೆಯನ್ನು ಮದುವೆಯಾಗಿ, ರಾಣಿಯಾಗಿ ಕಾರ್ತೇಜಿಗೆ ಹೋದಳು. ಜೊತೆಗೆ 1000 ಆಯ್ದ ಯೋಧರು, ಅವರ ಹಿಂದೆ ಇನ್ನೂ 5000 ಮಂದಿ. ಬಳುವಳಿಯಾಗಿ ಸಿಸಿಲಿಯ ಲಿಲಿಬಿಯಂ ಪ್ರದೇಶ. ಇವಳನ್ನು ಒಂದೇ ಸಾಲಿನಲ್ಲಿ ಮುಗಿಸುವ ಚರಿತ್ರೆ ನನಗೆ ಒಪ್ಪಿಗೆಯಿಲ್ಲ. 523ರಲ್ಲಿ ಗಂಡ ತೀರಿಕೊಂಡ. ಹೊಸ ದೊರೆ ಹಿಲ್ಡೆರಿಕ್, ಅವಳ ಜೊತೆಗೆ ಬಂದಿದ್ದ ಗಾಥರನ್ನು ಕೊಲ್ಲಿಸಿ, ಅವಳನ್ನು ಸೆರೆಯಲ್ಲಿಟ್ಟ. ಅವಳು ಸೆರೆಯಲ್ಲೇ ಸತ್ತಳು.